ವಿಮಾನದ ದಿಕ್ಸೂಚಿಯನ್ನು ಒರೆಗೆ ಹಚ್ಚುವ ಬಗೆ



ದಿಕ್ಸೂಚಿಯ ಮುಳ್ಳು ಯಾವಾಗಲೂ ಉತ್ತರಕ್ಕೆ ತಿರುಗಿ ನಿಲ್ಲುವುದೆಂದು ಬಾಲಿಕೆಯರು ಕೆಳಗಿನ ತರಗತಿಗಳಲ್ಲಿಯೇ ಕಲಿಯುತ್ತಾರೆ. ಈ ಮಾತು ಬಹುಮಟ್ಟಿಗೆ ನಿಜವಾದರೂ ಪೂರ್ಣವಾಗಿ ನಿಜವಲ್ಲ. ಮುಳ್ಳಿನ ಬಳಿಗೆ ಒಂದು ಚಾಕುವನ್ನಾಗಲಿ ಬೀಗದ ಕೈಯನ್ನಾಗಲಿ ತಂದರೆ ಅದು ಒಡನೆಯೇ ತನ್ನ ನೆಲೆಯನ್ನು ಬಿಟ್ಟು ಸರಿಯುವುದು. ಮೇಜಿನ ಮೇಲೆ ನಡೆದರೆ ಇದೊಂದು ವಿನೋದ. ನೆಲದಿಂದ ಮೂರು ಸಾವಿರ ಅಡಿಗಳ ಮೇಲೆ, ಮೋಡ ಕವಿದು ಊರುಕೇರಿಗಳು ಕಾಣದಿರುವಾಗ ನಡೆದರೆ ಪ್ರಾಣದ ಪ್ರಶ್ನೆ. ಕೈಯಾರೆ ಕಟ್ಟಿಕೊಂಡ ಚಿಕ್ಕ ವಿಮಾನಗಳಲ್ಲಿ ಇರಿಸುವ ವಿದ್ಯುನ್ಮಾನ ದಿಕ್ಸೂಚಿಯನ್ನು ಹೇಗೆ ಪರೀಕ್ಷಿಸಿ ಸರಿಪಡಿಸುತ್ತಾರೆಂಬುದನ್ನು, ಶಾಸ್ತ್ರವನ್ನು ಹೆಚ್ಚಾಗಿ ಓದದವರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ. ಮಗಳು ಭೌತಶಾಸ್ತ್ರವನ್ನು ಓದುವೆನೆಂದಾಗ, “ಅದರಿಂದ ಏನು ಪ್ರಯೋಜನ?” ಎಂದು ಕೇಳುವ ತಂದೆತಾಯಿಗಳಿಗೂ ಇದರಲ್ಲಿ ಒಂದು ಉತ್ತರ ದೊರೆತೀತೆಂದು ನನ್ನ ನಂಬಿಕೆ.

ಮನೆಯಲ್ಲಿಯೇ ವಿಮಾನವನ್ನು ಕಟ್ಟುವುದೆಂದರೆ ನಮ್ಮ ಕಡೆಯವರಿಗೆ ಸೋಜಿಗವೆನಿಸಬಹುದು. ಅಮೆರಿಕಾ ದೇಶದಲ್ಲಿ ಇಂಥವರ ಸಂಘವೊಂದು ೧೯೫೩ರಲ್ಲಿಯೇ ಹುಟ್ಟಿತು. ಅಲ್ಲಿಯ ಬರ್ಟ್ ರುಟಾನ್ ಎಂಬ ಯಂತ್ರಶಿಲ್ಪಿಯು ಗಾಜಿನ ನಾರು ಮತ್ತು ಹಗುರವಾದ ನೊರೆಹಲಗೆಗಳಿಂದ ಕಟ್ಟಬಹುದಾದ ಲಾಂಗ್-ಈಜೀ ಎಂಬ ಇಬ್ಬರ ವಿಮಾನವನ್ನು ರೂಪಿಸಿದನು. ಅದು ೧೯೭೯ರಲ್ಲಿ ಮೊದಲು ಹಾರಿತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯವರು ಇದೇ ಮಾದರಿಯನ್ನು ಆಧಾರವಾಗಿಟ್ಟುಕೊಂಡು ಒಂದು ಹಗುರ ವಿಮಾನವನ್ನು ನಿರ್ಮಿಸಿ ೧೯೮೭ರಲ್ಲಿ ಹಾರಿಸಿದರು. ಆ ಅನುಭವವು ವ್ಯರ್ಥವಾಗಲಿಲ್ಲ. ಅದೇ ಸಂಸ್ಥೆಯಲ್ಲಿ ರೂಪುಗೊಂಡ “ಹಂಸ” ಎಂಬ ನಾರಿನ ಮೈಯ ತರಬೇತಿ ವಿಮಾನವು ೧೯೯೩ರಲ್ಲಿ ಆಕಾಶಕ್ಕೇರಿತು.

ಮೈಯೆಲ್ಲ ಗಾಜಿನ ನಾರಾದ ಮೇಲೆ ದಿಕ್ಸೂಚಿಗೆ ತೊಂದರೆಯೇನೆಂದು ಕೇಳಬಹುದು. ಎಂಜಿನಿನಲ್ಲಿ ಉಕ್ಕಿನ ಭಾಗಗಳುಂಟು. ಚಕ್ರದ ಅಚ್ಚು, ಬೋಲ್ಟುಗಳು, ಹಿಡಿಕೆಯಿಂದ ರೆಕ್ಕೆಗೆ ಹೋಗುವ ಸರಳುಗಳು ಇವೂ ಅನೇಕವಾಗಿ ಉಕ್ಕಿನವೇ. ರೇಡಿಯೋದ ಧ್ವನಿಯಂತ್ರದಲ್ಲಿ ಅಯಸ್ಕಾಂತವುಂಟು. ದೀಪಗಳಿಗೂ ಮೋಟಾರುಗಳಿಗೂ ಹೋಗುವ ತಂತಿಗಳಲ್ಲಿ ವಿದ್ಯುತ್ತು ಹರಿಯುತ್ತದೆ. ವಿದ್ಯುತ್ತು ಹರಿಯುವ ಪ್ರತಿಯೊಂದು ತಂತಿಯ ಸುತ್ತಲೂ ಅಯಸ್ಕಾಂತ ಬಲವು ಹುಟ್ಟುತ್ತದೆ. ಹೀಗೆ ಹಾರಾಟಗಾರನು ತನ್ನನ್ನು ದಾರಿತಪ್ಪಿಸುವ ವಸ್ತುಗಳನ್ನು ತನ್ನ ಜೊತೆಯಲ್ಲಿಯೇ ಹೊತ್ತುಕೊಂಡು ಹೋಗುತ್ತಾನೆ.

ಉಪಗ್ರಹಗಳಿಂದ ಸ್ಥಾನವನ್ನು ತಿಳಿಸುವ ಜಿ.ಪಿ.ಎಸ್. ಇರುವಾಗ ದಿಕ್ಸೂಚಿಯ ಹಂಗೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಹಡಗಲಿ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ಇದರ ಉತ್ತರ ಗೊತ್ತು. ಅಂಬಿಗನು ಎದುರುದಡದ ಮರವನ್ನು ನೋಡಿಕೊಂಡು ಹುಟ್ಟು ಹಾಕಿದರೂ ಹೊಳೆಯು ಹರಿಗೋಲನ್ನು ಪಕ್ಕಕ್ಕೆ ಸೆಳೆಯುತ್ತದೆ. ಮುಖಮಾಡಿದ ದಿಕ್ಕು ಒಂದು, ಸಾಗಿದ ದಾರಿ ಮತ್ತೊಂದು. ಆಕಾಶದಲ್ಲಿ ಗಾಳಿಯೇ ಹೊಳೆ. ಜಿ.ಪಿ.ಎಸ್. ಸಾಗಿದ ದಾರಿಯನ್ನು ಹೇಳುವುದೇ ಹೊರತು ವಿಮಾನದ ಮೂಗು ಯಾವ ಕಡೆಗಿದೆಯೆಂಬುದನ್ನು ಹೇಳಲಾರದು. ಅದನ್ನು ದಿಕ್ಸೂಚಿಯೇ ಹೇಳಬೇಕು. ಇವೆರಡೂ ತಿಳಿದರೆ ಗಾಳಿಯ ಸೆಳೆತವೆಷ್ಟೆಂಬುದನ್ನು ಲೆಕ್ಕ ಹಾಕಬಹುದು. ಅಲ್ಲದೆ ಉಪಗ್ರಹದ ಸಂಜ್ಞೆಯು ಕಡಿದುಹೋದಾಗಲೂ ಭೂಮಿಯ ಅಯಸ್ಕಾಂತತ್ವವು ಕಡಿದುಹೋಗುವುದಿಲ್ಲ.

ಹಳೆಯ ದಿಕ್ಸೂಚಿಯಲ್ಲಿ ದ್ರವದೊಳಗೆ ತೇಲುವ ಮುಳ್ಳು ಇರುತ್ತದೆ. ವಿದ್ಯುನ್ಮಾನ ದಿಕ್ಸೂಚಿಯಲ್ಲಿ ಮುಳ್ಳಿಲ್ಲ. ಅದರಲ್ಲಿ ಒಂದಕ್ಕೊಂದು ಲಂಬವಾಗಿ ಇರಿಸಿದ ಮೂರು ಸೂಕ್ಷ್ಮ ಗ್ರಾಹಕಗಳುಂಟು. ಒಂದು ವಿಮಾನದ ಉದ್ದಕ್ಕೆ, ಒಂದು ರೆಕ್ಕೆಯ ಉದ್ದಕ್ಕೆ, ಇನ್ನೊಂದು ಮೇಲುಕೆಳಗಾಗಿ ಅಯಸ್ಕಾಂತ ಬಲವನ್ನು ಅಳೆಯುತ್ತವೆ. ಇವುಗಳ ಪ್ರಮಾಣದಿಂದ ಉತ್ತರವು ಯಾವ ಕಡೆಗಿದೆಯೆಂದು ಗಣಕವು ಲೆಕ್ಕ ಹಾಕುತ್ತದೆ. ವಿಮಾನವು ವಾಲಿದಾಗ ಲೆಕ್ಕವು ಕೆಡದಂತೆ, ಭೂಮಿಯ ಸೆಳೆತವನ್ನೂ ವಿಮಾನದ ತಿರುಗುವಿಕೆಯನ್ನೂ ಅರಿಯುವ ಬೇರೆ ಗ್ರಾಹಕಗಳು ನೆರವಾಗುತ್ತವೆ. ಇದೇ ಬಗೆಯ ಉಪಕರಣವು ನಿಮ್ಮ ಕೈಯ ಮೊಬೈಲಿನಲ್ಲಿಯೂ ಉಂಟು. ಆಗಾಗ ಮೊಬೈಲು ತನ್ನನ್ನು ಗಾಳಿಯಲ್ಲಿ ಎಂಟರ ಅಂಕಿಯಂತೆ ತಿರುಗಿಸೆಂದು ಕೇಳಿಕೊಳ್ಳುವುದನ್ನು ನೀವು ಕಂಡಿರಬಹುದು. ಆ ತಿರುಗಾಟವೂ ನಾವು ಹೇಳಹೊರಟಿರುವ ಪರೀಕ್ಷೆಯೂ ತತ್ವದಲ್ಲಿ ಒಂದೇ. ಆದರೆ ವಿಮಾನವನ್ನು ಕೈಯಲ್ಲಿ ಹಿಡಿದು ಬೀಸಲಾಗದು. ಅದನ್ನು ನೆಲದ ಮೇಲೆ ಸುತ್ತಿಸಬೇಕು.

ದಿಕ್ಸೂಚಿಯನ್ನು ಕೆಡಿಸುವ ಕಾರಣಗಳು ಮೂರು ವಿಧ. ಮೊದಲನೆಯದು, ತಾನೇ ಅಯಸ್ಕಾಂತವಾಗಿಬಿಟ್ಟಿರುವ ಗಡಸು ಉಕ್ಕು. ಇದು ವಿಮಾನದೊಡನೆಯೇ ತಿರುಗುತ್ತ ಯಾವಾಗಲೂ ಒಂದೇ ಪ್ರಮಾಣದಲ್ಲಿ ಗ್ರಾಹಕವನ್ನು ಎಳೆಯುತ್ತದೆ. ಕೊಟ್ಟೂರಿನ ಸಂತೆಯಲ್ಲಿ ತಕ್ಕಡಿಯ ಒಂದು ತಟ್ಟೆಯು ಬರಿದಾಗಿದ್ದಾಗಲೇ ಭಾರವಾಗಿದ್ದರೆ, ವ್ಯಾಪಾರಿಯು ಇನ್ನೊಂದು ಕಡೆಗೆ ಪಾಸಂಗದ ಕಲ್ಲನ್ನಿಟ್ಟು ಸರಿದೂಗಿಸುತ್ತಾನಲ್ಲವೇ? ಈ ದೋಷವು ಹಾಗೆಯೇ. ಎಷ್ಟೆಂದು ತಿಳಿದರೆ ಕಳೆದುಬಿಡಬಹುದು. ಎರಡನೆಯದು ಮೆದು ಕಬ್ಬಿಣ. ಇದಕ್ಕೆ ಸ್ವಂತ ಅಯಸ್ಕಾಂತತ್ವವಿಲ್ಲ. ಭೂಮಿಯ ಬಲವನ್ನು ತನ್ನ ಕಡೆಗೆ ಸೆಳೆದುಕೊಂಡು ಬಾಗಿಸುತ್ತದೆ, ವಿಮಾನವು ತಿರುಗಿದಂತೆ ಇದರ ಪ್ರಭಾವವೂ ಬದಲಾಗುತ್ತದೆ. ಮೂರನೆಯದು ವಿದ್ಯುತ್ತಿನ ತಂತಿ. ನಮ್ಮ ಸೀಮೆಯಲ್ಲಿ ಭೂಮಿಯ ಅಯಸ್ಕಾಂತ ಬಲವು ಸುಮಾರು ೪೦ ಮೈಕ್ರೊಟೆಸ್ಲಾ. ೧೦ ಆಂಪಿಯರು ಹರಿಯುವ ಒಂಟಿ ತಂತಿಯು ಗ್ರಾಹಕದಿಂದ ೧೦ ಸೆಂಟಿಮೀಟರು ದೂರದಲ್ಲಿದ್ದರೆ ೨೦ ಮೈಕ್ರೊಟೆಸ್ಲಾ ಬಲವನ್ನು ಹುಟ್ಟಿಸುತ್ತದೆ, ಅಂದರೆ ಭೂಮಿಯ ಬಲದ ಅರ್ಧ! ಅದು ದಿಕ್ಕನ್ನು ಸುಮಾರು ೩೦ ಡಿಗ್ರಿಗಳವರೆಗೆ ತಪ್ಪಿಸಬಲ್ಲದು. ಅದೇ ತಂತಿಯನ್ನು ಒಂದು ಮೀಟರು ದೂರಕ್ಕೆ ಒಯ್ದರೆ ತಪ್ಪು ಮೂರು ಡಿಗ್ರಿಗಳೊಳಗೆ ಇಳಿಯುತ್ತದೆ. ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಜಡೆಯಂತೆ ಹೆಣೆದರೆ ಒಂದರ ಬಲವನ್ನು ಇನ್ನೊಂದು ಅಳಿಸಿ, ತಪ್ಪು ಬಹುಮಟ್ಟಿಗೆ ಇಲ್ಲವಾಗುತ್ತದೆ.

ಈ ದೋಷವು ಎಲ್ಲ ದಿಕ್ಕುಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಇದು ಬಹು ಮುಖ್ಯವಾದ ಸಂಗತಿ. ನಮ್ಮ ಐದು ಊರುಗಳ ಮೇಲೆ ಒಂದು ಸುತ್ತು ಹಾರುವೆವೆಂದು ಕಲ್ಪಿಸಿಕೊಳ್ಳೋಣ. ಕೂಡ್ಲಿಗಿಯಿಂದ ನೈಋತ್ಯದ ಕಡೆಗೆ ಹೋದರೆ ಕೊಟ್ಟೂರು. ಅಲ್ಲಿಂದ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಸುಮಾರು ೨೬ ಕಿಲೋಮೀಟರು ಹೋದರೆ ಹರಪನಹಳ್ಳಿ. ಹರಪನಹಳ್ಳಿಯಿಂದ ಬಹುಮಟ್ಟಿಗೆ ಉತ್ತರಕ್ಕೆ ಹೂವಿನಹಡಗಲಿ. ಅಲ್ಲಿಂದ ಪೂರ್ವಕ್ಕೆ ೨೮-೨೯ ಕಿಲೋಮೀಟರು ಹೋದರೆ ಹಗರಿಬೊಮ್ಮನಹಳ್ಳಿ. ಬಳಿಕ ಆಗ್ನೇಯಕ್ಕೆ ತಿರುಗಿದರೆ ಮರಳಿ ಕೂಡ್ಲಿಗಿ.

ವಿಮಾನದ ಮೂಗಿನಲ್ಲಿರುವ ಯಾವುದೋ ಉಕ್ಕು ಅಯಸ್ಕಾಂತವಾಗಿ, ಉತ್ತರ ತೋರುವ ಮುಳ್ಳನ್ನು ಮೂಗಿನ ಕಡೆಗೆ ಸೆಳೆಯುತ್ತಿದೆಯೆನ್ನೋಣ. ತಪ್ಪು ಹೆಚ್ಚೆಂದರೆ ೧೦ ಡಿಗ್ರಿ ಇರಲಿ. ಹರಪನಹಳ್ಳಿಯಿಂದ ಹಡಗಲಿಗೆ ಹಾರುವಾಗ ಮೂಗು ಉತ್ತರಕ್ಕೇ ಇರುತ್ತದೆ. ಆ ಉಕ್ಕಿನ ಎಳೆತವೂ ಭೂಮಿಯ ಎಳೆತವೂ ಒಂದೇ ಕಡೆಗೆ. ಆದುದರಿಂದ ದಿಕ್ಸೂಚಿಯು ಬಹುಮಟ್ಟಿಗೆ ಸರಿಯಾಗಿಯೇ ತೋರಿಸುತ್ತದೆ. ಹಾರಾಟಗಾರನು ಹಡಗಲಿಯನ್ನು ನೇರವಾಗಿ ಕಂಡು ತನ್ನ ಯಂತ್ರವನ್ನು ಮೆಚ್ಚಿಕೊಳ್ಳುತ್ತಾನೆ. ಅದೇ ನಂಬಿಕೆಯಿಂದ ಪೂರ್ವಕ್ಕೆ ತಿರುಗಿದಾಗ ಮೂಗು ಮುಳ್ಳನ್ನು ಪೂರ್ವದ ಕಡೆಗೆ ಎಳೆಯುತ್ತದೆ. ಯಂತ್ರವು ಪೂರ್ವವೆಂದು ತೋರಿಸುವಾಗ ವಿಮಾನವು ನಿಜವಾಗಿ ೧೦ ಡಿಗ್ರಿ ದಕ್ಷಿಣಕ್ಕೆ ವಾಲಿ ಸಾಗುತ್ತಿರುತ್ತದೆ. ಹಗರಿಬೊಮ್ಮನಹಳ್ಳಿಗೆ ಐದು ಕಿಲೋಮೀಟರು ದಕ್ಷಿಣದಲ್ಲಿ ಅದು ಹಾದುಹೋದೀತು. ಕೊಟ್ಟೂರಿನಿಂದ ಪಶ್ಚಿಮಕ್ಕೆ ಹಾರಿದಾಗಲೂ ಹೀಗೆಯೇ ಹರಪನಹಳ್ಳಿಯು ಬಲಗಡೆಗೆ ನಾಲ್ಕೈದು ಕಿಲೋಮೀಟರು ದೂರದಲ್ಲಿ ತಪ್ಪಿಹೋದೀತು. ಒಂದು ದಿಕ್ಕಿನಲ್ಲಿ ಸತ್ಯವನ್ನು ನುಡಿದ ಯಂತ್ರವು ಎಲ್ಲ ದಿಕ್ಕುಗಳಲ್ಲಿಯೂ ಸತ್ಯವನ್ನೇ ನುಡಿಯುವುದೆಂದು ನಂಬಕೂಡದೆಂಬುದು ಇದರಿಂದ ತಿಳಿಯುವ ಪಾಠ. ಆದುದರಿಂದಲೇ ಪೂರ್ಣ ಸುತ್ತಿನ ಪರೀಕ್ಷೆಯು ಅವಶ್ಯಕ.

ಇದನ್ನು ಮೊದಲು ಕಂಡುಕೊಂಡವರು ನಾವಿಕರು. ೧೮೦೧ರಿಂದ ೧೮೦೩ರವರೆಗೆ ಆಸ್ಟ್ರೇಲಿಯಾದ ಕರಾವಳಿಯನ್ನು ಅಳೆದ ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ಆಂಗ್ಲ ನಾವಿಕನು, ಹಡಗಿನ ಮುಖವು ತಿರುಗಿದಂತೆ ಮುಳ್ಳಿನ ತಪ್ಪೂ ಬದಲಾಗುವುದನ್ನು ಗಮನಿಸಿ, ಅದಕ್ಕೆ ಹಡಗಿನ ಕಬ್ಬಿಣವೇ ಕಾರಣವೆಂದು ತೋರಿಸಿದನು. ಕಬ್ಬಿಣದ ಹಡಗುಗಳು ಬಂದ ಮೇಲೆ, ೧೮೩೮ರಲ್ಲಿ, ಜಾರ್ಜ್ ಏರಿ ಎಂಬ ಖಗೋಳಶಾಸ್ತ್ರಜ್ಞನು “ರೇನ್‌ಬೋ” ಎಂಬ ಹಡಗನ್ನು ನೀರಿನ ಮೇಲೆ ಸುತ್ತ ತಿರುಗಿಸಿ ತಪ್ಪುಗಳನ್ನು ಅಳೆದು, ಅಯಸ್ಕಾಂತಗಳನ್ನೂ ಮೆದು ಕಬ್ಬಿಣವನ್ನೂ ಪಕ್ಕದಲ್ಲಿಟ್ಟು ಸರಿದೂಗಿಸುವ ಮಾರ್ಗವನ್ನು ತೋರಿಸಿದನು. ವಿಮಾನದವರು ಇಂದಿಗೂ ನಡೆಯುವುದು ಇದೇ ಮಾರ್ಗದಲ್ಲಿ.

ಇನ್ನು ಪರೀಕ್ಷೆಯ ಕ್ರಮ. ಮೊದಲನೆಯದಾಗಿ ಗ್ರಾಹಕವನ್ನು ಎಂಜಿನಿನಿಂದ ದೂರವಾಗಿ, ಸಾಮಾನ್ಯವಾಗಿ ರೆಕ್ಕೆಯ ತುದಿಯಲ್ಲಾಗಲಿ ಬಾಲದ ಕಡೆಯಲ್ಲಾಗಲಿ ಇರಿಸುತ್ತಾರೆ. ಅದನ್ನು ಹಿತ್ತಾಳೆಯ ತಿರುಪುಗಳಿಂದ ಬಿಗಿಯಬೇಕು, ಉಕ್ಕಿನವು ಕೂಡದು. ಬಳಿಕ ದೀಪಗಳನ್ನು ಒಂದೊಂದಾಗಿ ಹೊತ್ತಿಸಿ ಆರಿಸಿ, ರೇಡಿಯೋವನ್ನು ನಡೆಸಿ ನಿಲ್ಲಿಸಿ, ಹಿಡಿಕೆಯನ್ನು ಎಲ್ಲ ಕಡೆಗೂ ಆಡಿಸಿ, ತೋರುವ ಅಂಕಿಯು ಕದಲುವುದೋ ಎಂದು ನೋಡಬೇಕು. ಇಲ್ಲಿ ಒಂದು ಸೂಕ್ಷ್ಮವುಂಟು. ಸದಾ ಒಂದೇ ಪ್ರಮಾಣದಲ್ಲಿರುವ ದೋಷವನ್ನು ಲೆಕ್ಕದಿಂದ ಕಳೆಯಬಹುದು; ಆಗಾಗ ಬಂದುಹೋಗುವ ದೋಷವನ್ನು ಕಳೆಯಲಾಗದು. ದೀಪ ಹೊತ್ತಿದಾಗ ಐದು ಡಿಗ್ರಿ ತಪ್ಪುವ ಯಂತ್ರವನ್ನು, ದೀಪ ಹೊತ್ತಿರುವಾಗ ಸರಿಪಡಿಸಿದರೆ, ದೀಪ ಆರಿದೊಡನೆ ಅದು ಮತ್ತೆ ತಪ್ಪುತ್ತದೆ. ಅಂಥಲ್ಲಿ ಗ್ರಾಹಕವನ್ನೋ ತಂತಿಯನ್ನೋ ಬೇರೆಡೆಗೆ ಸರಿಸುವುದೊಂದೇ ಉಪಾಯ.

ಎರಡನೆಯದು ಸ್ಥಳದ ಆಯ್ಕೆ. ತಗಡಿನ ಕೊಟ್ಟಿಗೆ, ಹೂತ ಕೊಳವೆ, ವಿದ್ಯುತ್ ಕಂಬ, ನಿಂತ ವಾಹನ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಇವುಗಳಿಂದ ದೂರವಾದ ಬಯಲು ಬೇಕು. ನಮ್ಮ ಸೀಮೆಯಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಕೂಡ್ಲಿಗಿಯ ನೆರೆಯ ಸಂಡೂರು ಬೆಟ್ಟಗಳು ಕಬ್ಬಿಣದ ಅದಿರಿಗೆ ಹೆಸರಾದವು. ಅದಿರಿನಲ್ಲಿ ಹೆಮಟೈಟು ಮುಳ್ಳನ್ನು ಅಷ್ಟಾಗಿ ಸೆಳೆಯದು. ಮ್ಯಾಗ್ನೆಟೈಟು ಬಲವಾಗಿ ಸೆಳೆಯುತ್ತದೆ. ಅಂಥ ಬಂಡೆಯ ಮೇಲಿರಿಸಿದ ದಿಕ್ಸೂಚಿಯು ದಿಕ್ಕನ್ನು ಹೇಳುವ ಬದಲು ಅದಿರನ್ನು ತೋರಿಸುತ್ತದೆ. ಭೂಗರ್ಭಶಾಸ್ತ್ರಜ್ಞರು ಅದನ್ನೇ ಅದಿರನ್ನು ಹುಡುಕಲು ಬಳಸುವುದುಂಟು. ಸ್ಥಳಶುದ್ಧಿಯು ಎಷ್ಟು ಮುಖ್ಯವೆಂಬುದಕ್ಕೆ ಮುಂಬಯಿಯ ನಿದರ್ಶನವೂ ಇದೆ. ಅಲ್ಲಿಯ ಕೊಲಾಬಾದಲ್ಲಿ ೧೮೪೧ರಿಂದಲೂ ಭೂಮಿಯ ಅಯಸ್ಕಾಂತತ್ವವನ್ನು ಅಳೆಯುತ್ತಿದ್ದರು. ನಗರದ ಕುದುರೆ ಟ್ರಾಮುಗಳನ್ನು ವಿದ್ಯುತ್ತಿನಿಂದ ನಡೆಸಲು ನಿಶ್ಚಯವಾದಾಗ, ಆ ಅಳತೆಗಳು ಕೆಡುವುವೆಂದು ತಿಳಿದು, ೧೯೦೪ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯವನ್ನು ಆರಂಭಿಸಿದರು. ಅದರ ಕಟ್ಟಡಕ್ಕೆ ಅಯಸ್ಕಾಂತ ಗುಣವಿಲ್ಲದ ಸಾಮಗ್ರಿಗಳನ್ನೇ ಬಳಸಿದರು.

ಮೂರನೆಯದು ವಿಮಾನದ ಸಿದ್ಧತೆ. ಹಾರುವಾಗ ಏನೇನು ಎಲ್ಲೆಲ್ಲಿ ಇರುವುದೋ ಎಲ್ಲವೂ ಅಲ್ಲಲ್ಲಿಯೇ ಇರಬೇಕು. ಎಂಜಿನು ನಡೆಯುತ್ತಿರಬೇಕು, ರೇಡಿಯೋ ಕೆಲಸ ಮಾಡುತ್ತಿರಬೇಕು. ಬಾಲದಡಿ ಚಕ್ರವಿರುವ ವಿಮಾನವಾದರೆ, ಹಾರುವ ಭಂಗಿಯಲ್ಲಿರುವಂತೆ ಬಾಲವನ್ನು ಎತ್ತಿ ಮಟ್ಟಮಾಡಬೇಕು. ಪರೀಕ್ಷಿಸುವವರ ಜೇಬಿನಲ್ಲಿ ಬೀಗದ ಕೈ, ಮೊಬೈಲು, ಉಪಕರಣಗಳು ಇರಕೂಡದು.

ಅನಂತರ ವಿಮಾನವನ್ನು ನಿಧಾನವಾಗಿ ಒಂದು ಪೂರ್ಣ ಸುತ್ತು ತಿರುಗಿಸುತ್ತಾರೆ. ಆಗ ಗಣಕದಲ್ಲಿ ನಡೆಯುವುದೇನೆಂಬುದನ್ನು ಗ್ರಾಫ್ ಕಾಗದದ ಮೇಲೆ ಯಾವ ಬಾಲಿಕೆಯಾದರೂ ಬರೆದು ನೋಡಬಹುದು. ವಿಮಾನದ ಉದ್ದಕ್ಕೆ ಅಳೆದ ಬಲವನ್ನು ಒಂದು ಅಕ್ಷದ ಮೇಲೂ ರೆಕ್ಕೆಯ ಉದ್ದಕ್ಕೆ ಅಳೆದ ಬಲವನ್ನು ಇನ್ನೊಂದರ ಮೇಲೂ ಗುರುತಿಸುತ್ತ ಹೋದರೆ, ದೋಷವಿಲ್ಲದಿರುವಲ್ಲಿ ಚುಕ್ಕೆಗಳು ಕೈವಾರದಿಂದ ಎಳೆದಂತೆ ಶುದ್ಧ ವೃತ್ತವಾಗುತ್ತವೆ. ಅದರ ಕೇಂದ್ರವು ಅಕ್ಷಗಳು ಕೂಡುವಲ್ಲಿಯೇ ಇರುತ್ತದೆ. ಗಡಸು ಉಕ್ಕಿನ ದೋಷವಿದ್ದರೆ ವೃತ್ತವು ವೃತ್ತವಾಗಿಯೇ ಉಳಿದು ಕೇಂದ್ರವು ಪಕ್ಕಕ್ಕೆ ಸರಿದಿರುತ್ತದೆ. ಮೆದು ಕಬ್ಬಿಣದ ದೋಷವಿದ್ದರೆ ವೃತ್ತವು ಅಮುಕಿದ ಬಳೆಯಂತೆ ದೀರ್ಘವೃತ್ತವಾಗುತ್ತದೆ. ಗಣಕವು ಸರಿದ ಕೇಂದ್ರವನ್ನು ಸ್ವಸ್ಥಾನಕ್ಕೆ ತಂದು, ಅಮುಕಿದುದನ್ನು ದುಂಡಗೆ ಮಾಡುವ ಅಂಕಿಗಳನ್ನು ಕಂಡುಹಿಡಿದು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಪೂರ್ಣ ಸುತ್ತು ತಿರುಗದಿದ್ದರೆ ಅದಕ್ಕೆ ವೃತ್ತದ ತುಣುಕು ಮಾತ್ರ ದೊರೆಯುವುದು; ತುಣುಕಿನಿಂದ ಕೇಂದ್ರವನ್ನು ಊಹಿಸಿದರೆ ತಪ್ಪುವ ಸಂಭವವೇ ಹೆಚ್ಚು.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಯಂತ್ರವು ತಾನು ಸರಿಯಾದೆನೆಂದು ಹೇಳಿಕೊಂಡ ಮಾತ್ರಕ್ಕೆ ಅದನ್ನು ನಂಬುವಂತಿಲ್ಲ. ನೆಲದ ಮೇಲೆ ಅಯಸ್ಕಾಂತ ಉತ್ತರಕ್ಕೆ ಹೊಂದಿಸಿ ಬರೆದ ದಿಕ್ಚಕ್ರದ ಮೇಲೆ, ವಿಮಾನವನ್ನು ೩೦ ಡಿಗ್ರಿಗೊಮ್ಮೆ ಹೀಗೆ ೧೨ ದಿಕ್ಕುಗಳಲ್ಲಿ ನಿಲ್ಲಿಸಿ, ತೋರಿದುದಕ್ಕೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಬರೆದುಕೊಳ್ಳಬೇಕು. ಮೂಗಿನಿಂದಲೂ ಬಾಲದಿಂದಲೂ ಇಳಿಬಿಟ್ಟ ತೂಗುದಾರಗಳು ನೆಲದ ಗೆರೆಗೆ ಹೊಂದಿದವೆಂದರೆ ವಿಮಾನವು ಆ ದಿಕ್ಕಿಗೆ ಸರಿಯಾಗಿ ನಿಂತಿತೆಂದರ್ಥ. ಎಷ್ಟು ಸರಿಪಡಿಸಿದರೂ ಅಲ್ಪಸ್ವಲ್ಪ ತಪ್ಪು ಉಳಿಯುವುದುಂಟು. ಅದನ್ನು ಮುಚ್ಚಿಡದೆ ಒಂದು ಚೀಟಿಯಲ್ಲಿ ಬರೆದು ಹಾರಾಟಗಾರನ ಕಣ್ಣೆದುರಿಗೆ ಅಂಟಿಸುತ್ತಾರೆ. ಸಣ್ಣ ವಿಮಾನಗಳಲ್ಲಿ ಯಾವ ದಿಕ್ಕಿನಲ್ಲಿಯೂ ೧೦ ಡಿಗ್ರಿಗಳಿಗಿಂತ ಹೆಚ್ಚಿನ ತಪ್ಪು ಉಳಿಯಕೂಡದೆಂಬುದು ಅಮೆರಿಕಾದಲ್ಲಿ ಬಹುಕಾಲ ಜಾರಿಯಲ್ಲಿದ್ದ ನಿಯಮ. ಎಚ್ಚರಿಕೆಯುಳ್ಳವರು ಅದನ್ನು ಒಂದೆರಡು ಡಿಗ್ರಿಗಳಿಗೆ ಇಳಿಸುತ್ತಾರೆ. ಎಂಜಿನು ಬದಲಾದಾಗ, ಹೊಸ ರೇಡಿಯೋ ಹಾಕಿದಾಗ, ಸಿಡಿಲು ಹೊಡೆದಾಗ, ನೆಲಕ್ಕೆ ರಭಸವಾಗಿ ತಾಗಿದಾಗ ಈ ಪರೀಕ್ಷೆಯನ್ನು ಮತ್ತೆ ಮಾಡತಕ್ಕದ್ದು.

ಅಯಸ್ಕಾಂತ ಉತ್ತರವೂ ಭೂಗೋಳದ ನಿಜ ಉತ್ತರವೂ ಬೇರೆ ಬೇರೆ ಎಂಬುದನ್ನು ಇಲ್ಲಿ ನೆನೆಯಬೇಕು. ಇವುಗಳ ನಡುವಿನ ಕೋನಕ್ಕೆ ದಿಕ್ಪಾತವೆಂದು ಹೆಸರು. ನಮ್ಮ ಐದು ತಾಲ್ಲೂಕುಗಳಲ್ಲಿ ಅದು ಪಶ್ಚಿಮಕ್ಕೆ ಸುಮಾರು ಒಂದು ಡಿಗ್ರಿ ಮಾತ್ರ. ಭೂಮಿಯ ಕೆಲವು ಭಾಗಗಳಲ್ಲಿ ೨೦ ಡಿಗ್ರಿಗಳನ್ನೂ ಮೀರುತ್ತದೆ. ಓಡುದಾರಿಗಳಿಗೆ ಅಂಕಿಯನ್ನು ಕೊಡುವುದೂ ಅಯಸ್ಕಾಂತ ದಿಕ್ಕಿನಿಂದಲೇ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಓಡುದಾರಿಯ ಮೇಲೆ ೦೯ ಎಂದು ಬರೆದಿದ್ದರೆ ಅದು ಸುಮಾರು ೯೦ ಡಿಗ್ರಿ, ಎಂದರೆ ಪೂರ್ವಕ್ಕೆ ಮುಖಮಾಡಿದೆಯೆಂದು ತಿಳಿಯಬೇಕು. ಆದುದರಿಂದ ಏರುವ ಮೊದಲು ಓಡುದಾರಿಯ ಅಂಕಿಯನ್ನೂ ದಿಕ್ಸೂಚಿಯನ್ನೂ ಹೋಲಿಸಿ ನೋಡುವುದು ಹಾರಾಟಗಾರರ ಒಳ್ಳೆಯ ವಾಡಿಕೆ.

ಧ್ರುವಗಳ ಕಡೆಗೆ ಹೋದಂತೆಲ್ಲ ಭೂಮಿಯ ಬಲವು ಕೆಳಮುಖವಾಗಿ ಬಾಗಿ, ದಿಕ್ಕನ್ನು ತೋರುವ ಅಡ್ಡಬಲವು ಕುಗ್ಗುತ್ತದೆ. ಕಡೆಗೆ ಅಯಸ್ಕಾಂತ ದಿಕ್ಸೂಚಿಯು ನಿರುಪಯೋಗಿಯಾಗುತ್ತದೆ. ೨೦೨೧ರ ಜನವರಿಯಲ್ಲಿ ಜೋಯಾ ಅಗರ್ವಾಲ್ ಅವರ ನಾಯಕತ್ವದಲ್ಲಿ ಮಹಿಳೆಯರೇ ನಡೆಸಿದ ಏರ್ ಇಂಡಿಯಾ ವಿಮಾನವೊಂದು ಸಾನ್ ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವ ಪ್ರದೇಶದ ಮೇಲಿನಿಂದ ಹಾದು ಬೆಂಗಳೂರಿಗೆ ಬಂದಿಳಿಯಿತು. ಅಂಥ ಹಾದಿಯಲ್ಲಿ ಅಯಸ್ಕಾಂತವನ್ನು ಬಿಟ್ಟು ನಿಜ ಉತ್ತರವನ್ನು ಲೆಕ್ಕ ಹಾಕುವ ಬೇರೆ ಯಂತ್ರಗಳನ್ನು ಅವಲಂಬಿಸಬೇಕಾಗುತ್ತದೆ. ನಮ್ಮ ದೇಶದಲ್ಲಿ ಸರಳಾ ಠಕ್ರಾಲ್ ಎಂಬ ತರುಣಿಯು ೧೯೩೬ರಲ್ಲಿ ಜಿಪ್ಸಿ ಮಾತ್ ಎಂಬ ಚಿಕ್ಕ ವಿಮಾನವನ್ನು ಒಂಟಿಯಾಗಿ ಹಾರಿಸಿದ ದಿನದಿಂದ ಈ ದಿನದವರೆಗಿನ ದಾರಿಯನ್ನು ನೆನೆದರೆ, ಹೆಣ್ಣುಮಕ್ಕಳಿಗೆ ಈ ವಿದ್ಯೆಯು ದೂರವೆಂದು ಯಾರೂ ಹೇಳಲಾರರು.

ಯಂತ್ರವು ಸರಿಯಾಗಿದ್ದರೂ ಮನುಷ್ಯನು ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ಒಂದು ದುಃಖದ ನಿದರ್ಶನವನ್ನು ಹೇಳುವೆನು. ೧೯೮೯ರ ಸೆಪ್ಟೆಂಬರು ೩ರಂದು ಬ್ರೆಜಿಲ್ ದೇಶದ ಮರಾಬಾ ಊರಿನಿಂದ ಬೆಲೆಂ ನಗರಕ್ಕೆ ಹೊರಟ ವಿಮಾನವೊಂದರಲ್ಲಿ, ೨೭.೦ ಡಿಗ್ರಿ ಎಂಬರ್ಥದಲ್ಲಿ ಬರೆದಿದ್ದ ಅಂಕಿಯನ್ನು ನಾಯಕನು ೨೭೦ ಎಂದು ಓದಿ ಯಂತ್ರವನ್ನು ಹಾಗೆಯೇ ಹೊಂದಿಸಿದನು. ಜೊತೆಗಾರನು ತಾನು ಬೇರೆಯಾಗಿ ಲೆಕ್ಕ ಹಾಕದೆ ಅದನ್ನೇ ಅನುಸರಿಸಿದನು. ಉತ್ತರದ ಕಡೆಗೆ ಹೋಗಬೇಕಾದ ವಿಮಾನವು ಪಶ್ಚಿಮಕ್ಕೆ ಸಾಗಿತು. ಮುಳುಗುವ ಸೂರ್ಯನು ಎದುರಿಗೇ ಇದ್ದು ತಪ್ಪನ್ನು ಹೇಳುತ್ತಿದ್ದನು. ಅದನ್ನು ಅವರು ಗಮನಿಸಲಿಲ್ಲ. ಇಂಧನವು ತೀರಿ ವಿಮಾನವು ರಾತ್ರಿಯಲ್ಲಿ ಕಾಡಿಗೆ ಇಳಿಯಿತು. ಹತ್ತಕ್ಕಿಂತ ಹೆಚ್ಚು ಮಂದಿ ಮಡಿದರು. ಅಲ್ಲಿ ದಿಕ್ಸೂಚಿಯು ತಪ್ಪು ಮಾಡಿರಲಿಲ್ಲ. ಅದರ ಮಾತನ್ನು ಇನ್ನೊಂದು ಸಾಕ್ಷಿಯೊಡನೆ ಹೋಲಿಸಿ ನೋಡಿದವರಿರಲಿಲ್ಲ.

ಒಳ್ಳೆಯ ದಿಕ್ಸೂಚಿಯೂ ತನ್ನ ಸುತ್ತಲಿನ ಕಬ್ಬಿಣದಿಂದ ತಪ್ಪಬಹುದು. ಆ ತಪ್ಪು ದಿಕ್ಕಿನಿಂದ ದಿಕ್ಕಿಗೆ ಬೇರೆಯಾಗುವುದು. ಪೂರ್ಣ ಸುತ್ತು ತಿರುಗಿಸಿ, ನಂಬಬಹುದಾದ ಬೇರೊಂದು ಅಳತೆಯೊಡನೆ ಹೋಲಿಸಿದರೆ ಅದನ್ನು ಅರಿಯಬಹುದು, ಕಳೆಯಬಹುದು, ಉಳಿದುದನ್ನು ಬರೆದಿಡಬಹುದು. ಇದಕ್ಕೆ ಬೇಕಾದ ಗಣಿತವು ವೃತ್ತ, ಕೋನ, ಕೂಡುವುದು, ಕಳೆಯುವುದು ಇಷ್ಟೇ. ನಮ್ಮ ಪ್ರೌಢಶಾಲೆಯ ಬಾಲಿಕೆಯರು ದಿನವೂ ಕಲಿಯುವಂಥದು. ಪೋಷಕರು ಬಿಡುವಿನ ದಿನದಲ್ಲಿ ಮಕ್ಕಳ ಕೈಗೆ ಒಂದು ದಿಕ್ಸೂಚಿಯನ್ನು ಕೊಟ್ಟು, ಮನೆಯ ನಡುಮನೆಯಲ್ಲೊಮ್ಮೆ, ಕಬ್ಬಿಣದ ಬೀರುವಿನ ಬಳಿಯಲ್ಲೊಮ್ಮೆ, ಬಯಲಿನಲ್ಲೊಮ್ಮೆ ಅಂಕಿಗಳನ್ನು ಬರೆದುಕೊಳ್ಳಲು ಹೇಳಲಿ. ಮೂರು ಅಂಕಿಗಳೂ ಒಂದೇ ಆಗದಿದ್ದರೆ, ಏಕೆಂದು ಅವರೇ ಕೇಳುವರು. ಕಲಿಕೆಯು ಅಲ್ಲಿಂದ ಮೊದಲಾಗುವುದು.